ದಾರಿಗೆ ಅಡ್ಡ ಕೂತ ಹಿರಿಯರು

ಎಲ್ಲ ಎಡವಟ್ಟಿಗೂ ಕಾರಣ, ಕಚೇರಿಯ ಗುಮಾಸ್ತರು ಬೆಳಿಗ್ಗೆ ಕಾಫಿ ಹೀರುತ್ತ ಆಡಿದ ಒಂದು ಮಾತು.

“ಇವತ್ತು ಬರೋ ಪರೀಕ್ಷಕರು ಮಹಾ ಕಿಲಾಡಿ ಕಣಮ್ಮಾ. ಯಾರಿಗೂ ಹೇಳ್ದೆ ಬಂದು ರೋಬಾಟಿಗೆ ಅಡ್ಡ ನಿಂತುಬಿಡ್ತಾರಂತೆ!”

ಇದನ್ನು ಕೇಳಿಸಿಕೊಂಡ ಸಂಶೋಧನಾ ವಿದ್ಯಾರ್ಥಿನಿಗೆ ಲ್ಯಾಬಿನವರು ಇಟ್ಟ ಹೆಸರು ‘ಹಟಮಾರಿ’. ಅವಳ ರೋಬಾಟು ಇಂದು ಲ್ಯಾಬಿನಿಂದ ಹೊರಟು, ಯಾರೂ ಮುಟ್ಟದೆ, ಯಾರಿಗೂ ತಾಗದೆ, ಕಾರಿಡಾರಿನ ಕೊನೆಯ ಕೋಣೆ ಸೇರಬೇಕು. ಸೇರಿದರೆ ಡಾಕ್ಟರೇಟು. ಇಲ್ಲವಾದರೆ ಇನ್ನೊಂದು ವರ್ಷ ಅದರ ಚಕ್ರ ಒರೆಸುತ್ತ ಕೂರುವುದು.

ಮೊದಲ ದಿನ ಶಾಲೆಗೆ ಹೊರಟ ಮಗುವಿನಂತೆ ರೋಬಾಟು ತಡೆತಡೆದು ಹೊರಟಿತು. ಅರ್ಧ ದಾರಿಯಲ್ಲಿ ಬಿಳಿಗಡ್ಡದ ಹಿರಿಯರೊಬ್ಬರು ಎದುರಾದರು. ಅದು ಎಡಕ್ಕೆ ಸರಿದರೆ ಅವರೂ ಎಡಕ್ಕೆ, ಬಲಕ್ಕೆ ಸರಿದರೆ ಅವರೂ ಬಲಕ್ಕೆ.

“ಇವರೇ! ಗ್ಯಾರಂಟಿ ಇವರೇ!” ಗುಮಾಸ್ತರು ಅವಳ ಕಿವಿ ಕಚ್ಚಿದರು.

ಹಟಮಾರಿ ಓಡಿಹೋಗಿ ಕುರ್ಚಿ ತಂದಳು. “ಎಷ್ಟು ಹೊತ್ತು ಬೇಕಾದ್ರೂ ಅಡ್ಡ ಇರಿ ಸರ್.” ಹಿರಿಯರು ನಟ್ಟನಡುವೆ ಕೂತು ಹಾಯಾಗಿ ಕಾಲು ಚಾಚಿದರು.

ರೋಬಾಟು ಕಕ್ಕಾಬಿಕ್ಕಿಯಾಗಿ ನಿಂತಿತು. ಎದುರು ಲ್ಯಾಬಿನ ಮೇಡಂ ಇಣುಕಿ, “ರೋಬಾಟನ್ನ ಎತ್ತಿ ಆಚೆ ಇಟ್ಬಿಡೇ, ಯಾರು ನೋಡ್ತಾರೆ?” ಎಂದರು.

“ಮುಟ್ಟಲ್ಲ ಮೇಡಂ. ತಾನಾಗೇ ಹೋಗ್ಬೇಕು.”

ಅವಳು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಲ್ಯಾಪ್‌ಟಾಪ್ ತೆರೆದಳು. ಒಮ್ಮೆ ರೋಬಾಟು ಗೋಡೆಗೆ ಮುತ್ತಿಟ್ಟಿತು. ಇನ್ನೊಮ್ಮೆ ಮುನಿಸಿಕೊಂಡು ಲ್ಯಾಬಿಗೇ ವಾಪಸಾಯಿತು. ಗುಮಾಸ್ತರು ಬೇಸತ್ತು ಊಟಕ್ಕೆ ಹೋದರು. ಅವಳು ಏಳಲಿಲ್ಲ. ಬೆವರು ಒರೆಸಿಕೊಂಡು ಪ್ರೋಗ್ರಾಂ ಮತ್ತೆ ತಿದ್ದಿದಳು, ಮತ್ತೆ ಬಿಟ್ಟಳು. ಕೊನೆಗೂ ಅದು ಕಳ್ಳಬೆಕ್ಕಿನಂತೆ ಗೋಡೆಗೆ ಒತ್ತಿಕೊಂಡು, ಹಿರಿಯರ ಹೆಬ್ಬೆರಳಿಗೂ ತಾಗದೆ ನುಸುಳಿ ಮುಂದೆ ಸಾಗಿತು.

ಹಿರಿಯರು ಎದ್ದು ಚಪ್ಪಾಳೆ ತಟ್ಟಿದರು. “ಶಭಾಷ್! ಪಾಸು ಕಣಮ್ಮಾ ನೀನು!”

ಅವಳ ಕಣ್ಣು ತುಂಬಿ ಬಂತು. “ಸರ್, ಹಾಗಾದ್ರೆ ನಿಮ್ಮ ಸಹಿ...”

“ನಂದ್ಯಾಕಮ್ಮಾ? ನಾನು ಎ.ಸಿ. ರಿಪೇರಿಗೆ ಬಂದೋನು. ಅದು ಎಲ್ಲಿ ಮೈಮೇಲೆ ಬರುತ್ತೋ ಅಂತ ತಪ್ಪಿಸ್ಕೊಳ್ತಿದ್ದೆ, ನೀನೇ ಕುರ್ಚಿ ಕೊಟ್ಟು ಕೂರಿಸ್ದೆ!”

ಅಷ್ಟರಲ್ಲಿ ಕೊನೆಯ ಕೋಣೆಯಿಂದ ಅವಳ ಗೈಡು ತಲೆ ಹೊರಹಾಕಿದರು. “ಎಲ್ಲಿ ಹೋಗಿತ್ತಮ್ಮಾ ನಿನ್ನ ರೋಬಾಟು? ಅದು ತಾನಾಗೇ ಬರ್ಲಿ, ಯಾರೂ ಹೊರಗೆ ಹೋಗ್ಕೂಡ್ದು ಅಂತ ಪರೀಕ್ಷಕರ ಕಟ್ಟಪ್ಪಣೆ. ಕಾದೂ ಕಾದೂ ಈಗ ತಾನೇ ಆಚೆ ಬಾಗಿಲಿಂದ ಹೊರಟ್ರು. ಇನ್ನು ಮುಂದಿನ ವರ್ಷವೇ!”

ಅವರ ಕಾಲ ಪಕ್ಕದಲ್ಲೇ ರೋಬಾಟು ಗತ್ತಿನಿಂದ ಒಳಹೊಕ್ಕಿತು. ಪರೀಕ್ಷಕರ ಖಾಲಿ ಕುರ್ಚಿಯ ಮುಂದೆ ನಿಂತು, “ತಲುಪಿದ್ದೇನೆ,” ಎಂದಿತು.