ಭಾವನವರ ಹಂದಿಗಳು

ಈರುಳ್ಳಿಯನ್ನೂ ಬಾಯಿಗಿಡದ ನಮ್ಮ ಭಾವನವರಿಗೆ ಹಂದಿಯ ಮಾತಿಲ್ಲದೆ ತುತ್ತು ಇಳಿಯುತ್ತಿರಲಿಲ್ಲ!

ಭಾವ ಎಂದರೆ ನನ್ನ ಗಂಡನ ಅಣ್ಣ. ಎಪ್ಪತ್ತರ ದಶಕದಲ್ಲಿ ಹೆಲ್ತ್ ಇನ್ಸ್‌ಪೆಕ್ಟರ್ ಆಗಿದ್ದರು. ಹಂದಿ ಕಡಿಯುವ ಶೆಡ್ಡಿಗೆ ಹೋಗಿ, ಮಾಂಸ ಪರೀಕ್ಷಿಸಿ, ಸೀಲು ಒತ್ತುವುದು ಅವರ ಕೆಲಸ. ಅವರು ಸಂಜೆ ತ್ಯಾಗರಾಜನಗರದ ಮನೆಗೆ ಬಂದರೆ ಹಿತ್ತಲಿಂದಲೇ ಬಚ್ಚಲಿಗೆ ಸಾಗಹಾಕಿ, ನೀರು ಕಾಯಿಸಿ ಕೊಡುವವರು ಯಾರು? ನಾನೇ! ಅತ್ತೆಯ ಕಾಟದ ಬಗ್ಗೆ ತವರಿನಲ್ಲಿ ಎಚ್ಚರಿಸಿದ್ದರು. ಹಂದಿಯ ಕಾಟದ ಬಗ್ಗೆ ಒಬ್ಬರೂ ಬಾಯಿಬಿಟ್ಟಿರಲಿಲ್ಲ.

"ಹಂದಿಗೆ ಲಾಡಿಹುಳ ಹೇಗೆ ಬರತ್ತೆ ಗೊತ್ತೇನಮ್ಮಾ?" ಸಾರು ಬಡಿಸುವಾಗಲೇ ಶುರು. "ನಾವು ಬಯಲಿಗೆ ಹೋಗ್ತೀವಿ, ಪಾಪ, ಅದು ತಿನ್ನತ್ತೆ. ತಪ್ಪು ಹಂದೀದಲ್ಲ, ನಮ್ದು!"

ನನ್ನ ಗಂಡ ಅರ್ಧ ಊಟಕ್ಕೇ ಕೈ ತೊಳೆಯುತ್ತಿದ್ದರು.

ಜಯನಗರಕ್ಕೆ ತಮಗೇ ಹೆಣ್ಣು ನೋಡಲು ಹೋದಾಗಲಾದರೂ ಸುಮ್ಮನಿರಬಾರದೆ? ಹೆಣ್ಣಿನ ತಂದೆ ಕೋಸಂಬರಿ ಮುಂದಿಟ್ಟರು. ಭಾವ ಅದನ್ನು ಬೆಳಕಿಗೆ ಹಿಡಿದು ನೋಡಿದರು.

"ಕೊತ್ತಂಬರಿ ಎಲ್ಲೀದು ಸಾರ್? ಕೊಚ್ಚೆ ನೀರಲ್ಲಿ ಬೆಳೆದಿದ್ರೆ ಹುಳದ ಮೊಟ್ಟೆ ಇರತ್ತೆ. ಹೊಟ್ಟೆಗೆ ಹೋಗಿ ತಲೆಗೆ ಹತ್ತತ್ತೆ, ಫಿಟ್ಸ್ ಬರತ್ತೆ."

ಫಿಟ್ಸ್ ಬಂದದ್ದು ಆ ಸಂಬಂಧಕ್ಕೆ. ಮತ್ತೆ ಏಳಲೇ ಇಲ್ಲ. ಭಾವ ಬ್ರಹ್ಮಚಾರಿಯಾಗಿಯೇ ಉಳಿದರು. ನಾನು ನೀರು ಕಾಯಿಸುತ್ತಲೇ ಉಳಿದೆ.

ಇನ್ನೊಮ್ಮೆ ಯಡಿಯೂರು ಕೆರೆಯ ಹತ್ತಿರ ಒಬ್ಬ ಸೈಕಲ್ಲಿನ ಕ್ಯಾರಿಯರ್‌ಗೆ ಹಂದಿಯನ್ನು ಅಂಗಾತ ಬಿಗಿದುಕೊಂಡು ಹೋಗುತ್ತಿದ್ದ. ಅದರ ಕಿರುಚಾಟಕ್ಕೆ ಬೀದಿಯೇ ಕಿವಿ ಮುಚ್ಚಿಕೊಂಡಿತ್ತು. ಭಾವ ಅಡ್ಡ ಹಾಕಿದರು.

"ಬಿಚ್ಚಯ್ಯಾ ಹಗ್ಗ!"

"ಹೆಂಗಿದ್ರೂ ಸಾಯೋ ಹಂದಿ ಸಾರ್. ಕಾಲು ನೋವಾದ್ರೇನೀಗ?"

"ಸಾಯೋ ತನಕ ಬದುಕಿರತ್ತಲ್ಲಯ್ಯಾ!"

ಬಿಚ್ಚಿದ. ಹಂದಿ ಮಾತಿಗೆ ಕಾಯದೆ ಕೆರೆಗೆ ಬಿತ್ತು. ಹಿಡಿಯಲು ಇವರಿಬ್ಬರೂ ಕೆಸರಿಗಿಳಿದರು. ಆ ಸಂಜೆ ಒಂದು ಹಂಡೆ ನೀರು ಸಾಲಲಿಲ್ಲ!

ಹೀಗಿರುವಾಗ ಒಂದು ದಿನ ಭಾವ ಕನ್ನಡಕ ಮರೆತು ಹೋದರು. ಅದಿಲ್ಲದೆ ಮಾಂಸದೊಳಗಿನ ಅಕ್ಕಿಕಾಳಿನಂಥ ಹುಳದ ಗುಳ್ಳೆಗಳು ಅವರಿಗೆ ಕಾಣುವುದಿಲ್ಲ. ಕಾಣದೆ ಸೀಲು ಬಿದ್ದರೆ ರೋಗ ಯಾರದೋ ಮನೆಯ ತಟ್ಟೆಗೆ ಹೋಗುತ್ತದೆ. ಗಂಡ ಆಫೀಸಿಗೆ ಹೋಗಿದ್ದರು. ಗೊಣಗುತ್ತಲೇ ಬಸ್ಸು ಹತ್ತಿ, ಬನಶಂಕರಿಯಾಚೆಯ ಆ ಶೆಡ್ಡಿಗೆ ನಾನೇ ಹೋದೆ.

ಕಡಿಯುವ ಜಾಗಕ್ಕೂ ಕಟ್ಟಿಹಾಕಿದ್ದ ಹಂದಿಗಳಿಗೂ ನಡುವೆ ಗೋಡೆಯಿರಲಿಲ್ಲ. ಒಂದು ಪರದೆಯನ್ನಾದರೂ ಕೊಡಿಸಿ ಎಂದು ಮೇಲಿನವರನ್ನು ಕೇಳಿ ಕೇಳಿ ಭಾವನವರಿಗೆ ಸಾಕಾಗಿತ್ತು. ಈಗ ತಾವೇ ಒಂದು ಗೋಣಿತಟ್ಟನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದು, ಹಂದಿಗಳಿಗೆ ಬೆನ್ನು ಮಾಡಿ, ಅವಕ್ಕೆ ಏನೂ ಕಾಣದಂತೆ ನಿಂತಿದ್ದರು. ಆಚೆ ಕೂಗೆದ್ದಾಗಲೆಲ್ಲ ತಟ್ಟನ್ನು ಇನ್ನಷ್ಟು ಮೇಲೆತ್ತುತ್ತಿದ್ದರು.

"ಏನಿಲ್ಲ... ಏನಿಲ್ಲ ಕಂದಾ," ಎನ್ನುತ್ತಿದ್ದರು, ಹಿಂದಿದ್ದ ಹಂದಿಗಳಿಗೆ.

ನನ್ನನ್ನು ಕಂಡವರೇ ಓಡಿ ಬಂದರು.

"ಅಯ್ಯೋ, ನೀನ್ಯಾಕಮ್ಮಾ ಬಂದೆ? ಆ ಕಡೆ ನೋಡಬೇಡ!"

ಅದೇ ಗೋಣಿತಟ್ಟನ್ನು ನನ್ನ ಮುಖದ ಮುಂದೆ ಅಗಲಿಸಿ ಹಿಡಿದರು. ನಾನು ಅದರ ಮೇಲಿಂದ ಕನ್ನಡಕ ಚಾಚಿದೆ. ಭಾವ ಒದ್ದೆಯಾಗಿದ್ದ ತಮ್ಮ ಕಣ್ಣುಗಳನ್ನು ತೋಳಿನಿಂದ ಒರೆಸಿಕೊಂಡು, ಅದನ್ನು ಹಾಕಿಕೊಂಡು, ಮತ್ತೆ ಆ ಕಡೆಗೇ ತಿರುಗಿದರು. ನೋಡುವುದೇ ಅವರ ಕೆಲಸವಲ್ಲವೆ? ಅವರ ಕಣ್ಣಿಗೆ ಅಡ್ಡ ಹಿಡಿಯುವವರು ಯಾರಿದ್ದರು?