ತೆಂಗಿನ ಮರದ ಕೆಳಗೆ ಕುಳಿತು ಬಿಸಿಲು ಅಳೆಯುವುದನ್ನು ನಿಷೇಧಿಸುವ ಕುರಿತು

ಸಂಖ್ಯೆ: ಸೌಪಂ/ನೆರಳು/17 (ಪರಿಷ್ಕೃತ) (ಮರುಪರಿಷ್ಕೃತ)

ವಿಷಯ: ಸೌರ ಪಂಪುಗಳಿಗೆ ಫಲಕಗಳ ಸಂಖ್ಯೆ ಹಾಗೂ ವೆಚ್ಚ ನಿಗದಿಪಡಿಸುವಾಗ ಪಾಲಿಸಬೇಕಾದ ಕ್ರಮಗಳು.

ಉಲ್ಲೇಖ:
(ಅ) ದಬ್ಬೇಘಟ್ಟದ ತೆಂಗು ಬೆಳೆಗಾರರಾದ ಶ್ರೀಮತಿ ಚಿಕ್ಕಗಂಗಮ್ಮನವರ ಐದು ಎಚ್.ಪಿ. ಸೌರ ಪಂಪಿನ ಅರ್ಜಿ.
(ಆ) ಸದರಿ ಅರ್ಜಿಯ ತಿರಸ್ಕಾರ.
(ಇ) ಸದರಿಯವರು ಸೋಮವಾರದಿಂದ ಕಚೇರಿಯ ಬಾಗಿಲಲ್ಲಿ ಕುಳಿತಿರುವುದು.

ಕಿರಿಯ ಅಭಿಯಂತರರಾದ ಶ್ರೀ ರುದ್ರೇಶ್‌ರವರು ಸದರಿ ತೋಟಕ್ಕೆ ತೆರಳಿ, ಸೆಕೆ ತಾಳಲಾರದೆ ತೆಂಗಿನ ಮರದ ಬುಡದಲ್ಲಿ ಕುಳಿತು, ಬಿಸಿಲಳೆಯುವ ಉಪಕರಣವನ್ನು ತೊಡೆಯ ಮೇಲಿಟ್ಟುಕೊಂಡು ಅಳತೆ ದಾಖಲಿಸಿರುತ್ತಾರೆ. ಪರಿಣಾಮವಾಗಿ ಒಂಬತ್ತು ಫಲಕ ಸಾಕಾಗುವಲ್ಲಿ ಐವತ್ತೆಂಟು ಬೇಕೆಂದು ಲೆಕ್ಕ ಬಂದಿರುತ್ತದೆ. ಅಷ್ಟು ಫಲಕ ನಿಲ್ಲಿಸಲು ಮರಗಳನ್ನೆಲ್ಲ ಕಡಿಯಬೇಕು. ಮರಗಳಿಲ್ಲದ ಮೇಲೆ ನೀರು ಬೇಕಿಲ್ಲ. ನೀರು ಬೇಡದವರಿಗೆ ಪಂಪು ಬೇಕಿಲ್ಲ ಎಂದು ಅರ್ಜಿಯನ್ನು ತಿರಸ್ಕರಿಸಲಾಗಿರುತ್ತದೆ. ಲೆಕ್ಕವನ್ನು ಪುನಃ ಪುನಃ ಪರಿಶೀಲಿಸಲಾಗಿ, ಗುಣಾಕಾರದಲ್ಲಿ ತಪ್ಪು ಕಂಡುಬಂದಿಲ್ಲ. ಆದರೂ ಈ ಕಚೇರಿಗೆ ಸಮಾಧಾನವಿಲ್ಲ. ಇತ್ತ ಸದರಿಯವರು ಈ ವರ್ಷ ನೆಟ್ಟ ಸಸಿಗಳ ಸುಳಿ ಬಾಡತೊಡಗಿದೆ.

ಬಾಗಿಲಲ್ಲಿ ನಡೆದ ಮಾತನ್ನು ಯಥಾವತ್ತಾಗಿ ದಾಖಲಿಸಲಾಗಿದೆ:

ಚಿಕ್ಕಗಂಗಮ್ಮ: “ಬಿಸ್ಲೇ ಸಾಲ್ದು ಅಂತ ಬರ್ದಿದ್ದೀಯಲ್ಲಪ್ಪ, ಮತ್ಯಾಕೆ ನೆಳ್ಳಿಗೋಗಿ ಕುಂತ್ಕಂಡೆ?”
ರುದ್ರೇಶ್: “ಬಿಸ್ಲು ತಡಿಯಕ್ಕಾಗ್ಲಿಲ್ಲ ಕಣಮ್ಮ.”
ಚಿಕ್ಕಗಂಗಮ್ಮ: “ಅದ್ನೇ ಬರ್ಕೊ ಮತ್ತೆ!”

ಮೇಲ್ಕಂಡ ತಾಂತ್ರಿಕ ಸಲಹೆಯನ್ನು ಅಂಗೀಕರಿಸಿ, ಈ ಮೂಲಕ ಸೂಚಿಸಲಾಗಿರುವುದೇನೆಂದರೆ:

1. ಬಿಸಿಲನ್ನು ಬಿಸಿಲಿನಲ್ಲಿಯೇ ಅಳೆಯತಕ್ಕದ್ದು. ಕೊಡೆ, ಟವೆಲ್ಲು ಹಾಗೂ ಇಲಾಖಾ ಜೀಪಿನ ನೆರಳನ್ನು ಬಿಸಿಲೆಂದು ಪರಿಗಣಿಸತಕ್ಕದ್ದಲ್ಲ. ಅಧಿಕಾರಿಯ ಸ್ವಂತ ನೆರಳು ಅನಿವಾರ್ಯವಾದ್ದರಿಂದ ಅದನ್ನು ಉಪಕರಣದ ಮೇಲೆ ಬೀಳದಂತೆ ಹತೋಟಿಯಲ್ಲಿಡತಕ್ಕದ್ದು. ದಪ್ಪನೆಯ ಅಧಿಕಾರಿಗಳು ಇನ್ನೂ ಹಿಂದಕ್ಕೆ ನಿಲ್ಲತಕ್ಕದ್ದು.

2. ಪಂಪಿನ ಎಚ್.ಪಿ.ಯನ್ನು ಕೊಳವೆಬಾವಿಯ ಆಳ ಮತ್ತು ನೀರಿನ ಇಳುವರಿ ನೋಡಿ ನಿರ್ಧರಿಸತಕ್ಕದ್ದು. ‘ಪಕ್ಕದ ತೋಟಕ್ಕಿಂತ ಒಂದು ಜಾಸ್ತಿ’ ಎಂಬುದು ಅಳತೆಯಲ್ಲ. ಇದನ್ನು ಪಕ್ಕದ ತೋಟದ ಶ್ರೀ ಗಂಗಯ್ಯನವರಿಗೂ ತಿಳಿಸಲಾಗಿದ್ದು, ಅವರು ಒಪ್ಪಿ, ಚಿಕ್ಕಗಂಗಮ್ಮನವರಿಗಿಂತ ಒಂದು ಜಾಸ್ತಿ ಕೋರಿರುತ್ತಾರೆ.

3. ಫಲಕಗಳ ಮೇಲೆ ಹಪ್ಪಳ ಒಣಗಿಸಿದಲ್ಲಿ, ಹಪ್ಪಳ ಮುಚ್ಚಿದಷ್ಟು ವಿದ್ಯುತ್ತನ್ನು ಕಳೆಯತಕ್ಕದ್ದು. ಒಣಗುತ್ತಾ ಹಪ್ಪಳ ಮುದುಡುವುದರಿಂದ ಸಂಜೆ ಮತ್ತೊಮ್ಮೆ ಅಳೆಯತಕ್ಕದ್ದು. ಸಂಡಿಗೆಯ ಬಗ್ಗೆ ಸ್ಪಷ್ಟನೆ ಕೋರಿ ಬರೆಯಲಾಗಿದೆ.

4. ತಪಾಸಣೆಯ ವೇಳೆ ಕುಡಿದ ಎಳನೀರನ್ನು ಕೊಳವೆಬಾವಿಯ ಇಳುವರಿಗೆ ಸೇರಿಸತಕ್ಕದ್ದಲ್ಲ.

5. ಶ್ರೀಮತಿ ಚಿಕ್ಕಗಂಗಮ್ಮನವರಿಗೆ ಒಂಬತ್ತು ಫಲಕಗಳನ್ನು, ಒಂಬತ್ತರ ವೆಚ್ಚದಲ್ಲಿಯೇ, ಮಂಜೂರು ಮಾಡಲಾಗಿದೆ. ಫಲಕಗಳು ತಲುಪುವವರೆಗೆ ಕಾಯುವಂತೆ ಸಸಿಗಳನ್ನು ಕೋರಲಾಗಿದ್ದು, ಅವುಗಳ ಒಪ್ಪಿಗೆ ಬಂದಿರುವುದಿಲ್ಲ. ಆದಕಾರಣ ಗಂಗಯ್ಯನವರ ತೊಟ್ಟಿಯಿಂದ ನೀರು ಹೊತ್ತು ಹಾಕಲು ಇಲಾಖೆಯಿಂದಲೇ ಒಬ್ಬರನ್ನು ನಿಯೋಜಿಸಲಾಗಿದೆ.

ಸಹಿ/-
(ವನಜಾಕ್ಷಿ)
ಸಹಾಯಕ ಕಾರ್ಯಪಾಲಕ ಅಭಿಯಂತರರು

ಪ್ರತಿಗಳು:
1. ಶ್ರೀಮತಿ ಚಿಕ್ಕಗಂಗಮ್ಮ: ಬಾಗಿಲಲ್ಲಿಯೇ, ಕೈಗೆ.
2. ಶ್ರೀ ಗಂಗಯ್ಯ: ಸಮಾಧಾನಕ್ಕಾಗಿ.
3. ದಾಸ್ತಾನು ವಿಭಾಗ: ಬಿಂದಿಗೆ ಎರಡು, ತಲೆಗೆ ಸಿಂಬಿ ಒಂದು ಒದಗಿಸಲು.
4. ಶ್ರೀ ರುದ್ರೇಶ್: ದಿನಾ ಬೆಳಿಗ್ಗೆ, ಸಿಂಬಿ ಸಮೇತ ತೋಟಕ್ಕೆ ಹಾಜರಾಗಲು. ಭಾನುವಾರ ಸಸಿಗಳಿಗೆ ರಜೆ ಇರುವುದಿಲ್ಲ.