ಮುಸುಕೊಪ್ಪದ ಬಿಸಿಲು ಕೋಣೆ, ಮಳೆಗಾಲ ಹೊರತುಪಡಿಸಿ

ಮುಸುಕೊಪ್ಪ ಪಟ್ಟಣ ಪಂಚಾಯಿತಿಯ ವ್ಯಾಪ್ತಿಯಲ್ಲಿ ವರ್ಷಕ್ಕೆ ಮೂರು ಕಾಲಗಳಿವೆ. ಕಳೆದ ವರ್ಷ ಫೆಬ್ರವರಿಯಲ್ಲಿ ಕರೆದ ವಿಶೇಷ ಸಭೆಯಲ್ಲಿ ಇದು ಸರ್ವಾನುಮತದಿಂದ ತೀರ್ಮಾನವಾಯಿತು. ಅದಕ್ಕೂ ಮೊದಲು ಎಷ್ಟು ಕಾಲಗಳಿದ್ದವು ಎಂಬುದಕ್ಕೆ ಕಚೇರಿಯಲ್ಲಿ ದಾಖಲೆ ಲಭ್ಯವಿಲ್ಲ. ಸಭೆಯ ನಡವಳಿ ಬರೆದ ಗುಮಾಸ್ತ ನಾನೇ ಆದ್ದರಿಂದ ಈ ವಿಷಯದಲ್ಲಿ ಯಾರೂ ನನ್ನೊಡನೆ ವಾದಕ್ಕೆ ಇಳಿಯುವ ಅಗತ್ಯವಿಲ್ಲ.

ಕಾಲಗಳನ್ನು ಎಣಿಸಬೇಕಾಗಿ ಬಂದದ್ದು ದುಗ್ಗಮ್ಮನವರ ಕಣ್ಣಿನಿಂದ. ದುಗ್ಗಮ್ಮನಿಗೆ ಎಪ್ಪತ್ತು ದಾಟಿದೆ. ಸಾಗರದಿಂದ ಹೊಸನಗರಕ್ಕೆ ಹೋಗುವ ಬಸ್ಸು ನಮ್ಮೂರಲ್ಲಿ ತಿರುಗುವ ಕಡೆ, ಕೆಳಕೇರಿಯಲ್ಲಿ ಅವರ ಮನೆ. ಭೂಮಿ ಹುಣ್ಣಿಮೆಯ ದಿನ ಗದ್ದೆಗೆ ಎಡೆ ಒಯ್ಯುವ ಬುಟ್ಟಿಗೆ ಚಿತ್ತಾರ ಬರೆಯುವುದು ಅವರ ಕೆಲಸ. ಬುಟ್ಟಿಗೆ ಕೆಮ್ಮಣ್ಣು ಬಳಿದು ಒಣಗಿಸಿ, ಪುಂಡಿನಾರಿನ ಕುಂಚವನ್ನು ಅಕ್ಕಿಹಿಟ್ಟಿನ ಬಿಳಿಯಲ್ಲಿ ಅದ್ದಿ, ಕೂದಲೆಳೆಯಷ್ಟು ಸಣ್ಣ ಗೆರೆ ಎಳೆಯಬೇಕು. ಕೇರಿಯ ಹನ್ನೊಂದು ಮನೆಗಳಲ್ಲಿ ಇದನ್ನು ಬಲ್ಲವರು ಅವರೊಬ್ಬರೇ ಉಳಿದಿದ್ದಾರೆ. ಹನ್ನೊಂದು ಬುಟ್ಟಿ ಮುಗಿಯಬೇಕಾದರೆ ಶ್ರಾವಣದಲ್ಲೇ ಕೂರಬೇಕು. ಶ್ರಾವಣದಲ್ಲಿ ಅವರ ಮನೆಯೊಳಗೆ ನಡುಮಧ್ಯಾಹ್ನವೂ ಕತ್ತಲೆ, ಏಕೆಂದರೆ ಮೂರು ಕಡೆ ಪಕ್ಕದವರ ಗೋಡೆ ಎದ್ದಿದೆ. ಆ ಸಭೆಯ ಹಿಂದಿನ ವರ್ಷ ಟ್ಯೂಬ್‌ಲೈಟಿನ ಕೆಳಗೆ ಎಳೆದ ಗೆರೆಗಳು ಅಡ್ಡಾದಿಡ್ಡಿ ಹೋದವು. ದುಗ್ಗಮ್ಮ ಕುಂಚ ತೊಳೆದು ಬೆಲ್ಲದ ಡಬ್ಬಿಯ ಹಿಂದೆ ಇಟ್ಟರು. ಅದನ್ನು ಮಗ ದಿನೇಶ್ ನೋಡಿದ.

ದಿನೇಶ್ ಹೈಸ್ಕೂಲಿನ ಡ್ರಿಲ್ ಮೇಷ್ಟ್ರು, ಸುಮ್ಮನೆ ಕೂರುವ ಆಸಾಮಿ ಅಲ್ಲ. ಸಾಗರಕ್ಕೆ ಹೋಗಿ ಅಲ್ಯೂಮಿನಿಯಂ ಕೆಲಸದ ಅಶ್ವಿನ್‌ನ ಅಂಗಡಿಯಲ್ಲಿ ಒಂದು ವಿದೇಶಿ ಕ್ಯಾಟಲಾಗು ಕಂಡ. ಅದರಲ್ಲಿ ಗಾಜಿನ ಕೋಣೆಯೊಳಗೆ ಬಿಳಿಯ ಗಂಡ ಹೆಂಡತಿ ಕಾಫಿ ಕುಡಿಯುತ್ತಿದ್ದರು. ಕೆಳಗೆ ‘ತ್ರೀ ಸೀಸನ್ ಸನ್‌ರೂಮ್’ ಎಂದಿತ್ತು.

“ಸುತ್ತ ಗಾಜು, ಮೇಲೂ ಗಾಜು,” ಎಂದ ಅಶ್ವಿನ್. “ಹೊರಗೆ ಮಳೆ ಹೊಡೀತಾ ಇದ್ರೂ ಒಳಗೆ ಕೂತು ಸೂಜಿಗೆ ದಾರ ಪೋಣಿಸ್‌ಬಹುದು ಮೇಷ್ಟ್ರೇ.”

ದಿನೇಶ್ ಮನೆಯ ಮುಂದೆ ‘ಮೂರು ಕಾಲದ ಬಿಸಿಲು ಕೋಣೆ’ ಕಟ್ಟಲು ಅನುಮತಿ ಕೋರಿ ಅರ್ಜಿ ಹಾಕಿದ. ಅರ್ಜಿ ಕಟ್ಟಡ ಅನುಮತಿ ನೋಡುವ ನಮ್ಮ ಸುಬ್ಬರಾಯರ ಮೇಜಿಗೆ ಬಂತು. ಸುಬ್ಬರಾಯರು ಪ್ರಾಮಾಣಿಕರು. ಅರ್ಜಿದಾರರ ಕೈಯಿಂದ ಒಂದು ಲೋಟ ಕಾಫಿ ಕೂಡ ಕುಡಿದವರಲ್ಲ. ಹಾಗಾಗಿ ಅವರನ್ನು ಯಾವ ರೀತಿಯಲ್ಲೂ ಒಪ್ಪಿಸಲು ಸಾಧ್ಯವಿರಲಿಲ್ಲ.

“ಮೂರು ಕಾಲ ಅಂತ ಬರೆದಿದ್ದೀರಿ. ಯಾವ ಮೂರು?” ಎಂದು ಕೇಳಿದರು.

“ಅದು ಕಂಪನಿಯವ್ರು ಇಟ್ಟ ಹೆಸ್ರು ಸಾರ್. ಅವ್ರ ದೇಶದಲ್ಲಿ ನಾಲ್ಕು ಕಾಲ. ಹಿಮ ಬೀಳೋ ಕಾಲದಲ್ಲಿ ಕೂರಕ್ಕಾಗಲ್ಲ, ಉಳಿದ ಮೂರಕ್ಕೆ ಆಗ್ತದೆ.”

“ಇಲ್ಲಿ ಹಿಮ ಬೀಳಲ್ಲ.”

“ಹೌದು ಸಾರ್, ಬೀಳಲ್ಲ.”

“ಹಾಗಾದ್ರೆ ಇಲ್ಲಿ ಒಟ್ಟು ಎಷ್ಟು ಕಾಲ?”

“ಎಂತ ಸಾರ್ ಇದು, ಮೂರು! ಮಳೆ, ಚಳಿ, ಬೇಸಿಗೆ.”

“ಅದು ನಿಮ್ಮ ಅಭಿಪ್ರಾಯ,” ಎಂದು ಸುಬ್ಬರಾಯರು ಕಡತವನ್ನು ಸಭೆಗೆ ಮಂಡಿಸಿದರು.

ಸಭೆಯಲ್ಲಿ ಸದಸ್ಯ ಮುಕುಂದಯ್ಯನವರು ಪಂಚಾಂಗ ಬಿಚ್ಚಿ ಋತುಗಳು ಆರು ಎಂದರು. ಇನ್ನೊಬ್ಬರು ತಮ್ಮ ವಾರ್ಡಿಗೆ ಈವರೆಗೆ ಬೇಸಿಗೆಯ ನೀರಿನ ಟ್ಯಾಂಕರೇ ಬಂದಿಲ್ಲವಾದ್ದರಿಂದ ಬೇಸಿಗೆಯನ್ನು ಒಪ್ಪಲಾಗದು ಎಂದರು. ಊಟದ ಹೊತ್ತಾಗಿತ್ತು. ಅಧ್ಯಕ್ಷೆ ಮಹಾಲಕ್ಷ್ಮೀ ಅವರು ಕೈ ಎತ್ತಿಸಿದರು, ಮೂರು ಎಂದು ಅಂಗೀಕಾರವಾಯಿತು.

ತೊಡಕು ಆರಂಭವಾದದ್ದು ಇಲ್ಲಿಂದ. ಊರಲ್ಲಿರುವುದೇ ಮೂರು ಕಾಲ ಎಂದಮೇಲೆ ಮೂರು ಕಾಲದ ಕೋಣೆ ವರ್ಷಪೂರ್ತಿ ಬಳಕೆಯಾಗುತ್ತದೆ. ವರ್ಷಪೂರ್ತಿ ಬಳಕೆಯಾಗುವುದು ಶಾಶ್ವತ ಕಟ್ಟಡ. ಶಾಶ್ವತ ಕಟ್ಟಡಕ್ಕೆ ರಸ್ತೆಯಿಂದ ಮೂರು ಮೀಟರ್ ಜಾಗ ಬಿಡಬೇಕು. ದಿನೇಶನ ಅಂಗಳ ಇರುವುದೇ ಎರಡೂವರೆ ಮೀಟರ್. ಸುಬ್ಬರಾಯರು ಕೆಟ್ಟ ಮನುಷ್ಯರಲ್ಲ, ದಾರಿಯನ್ನೂ ಅವರೇ ತೋರಿಸಿದರು.

“ತಾತ್ಕಾಲಿಕ ಅಂತ ಮಾಡಿ, ಚಪ್ಪರದ ಹಾಗೆ. ಚಪ್ಪರಕ್ಕೆ ಜಾಗ ಬಿಡಬೇಕಾಗಿಲ್ಲ. ಒಂದು ಕಾಲ ಬಿಟ್ಟುಕೊಡಿ, ಸಾಕು.”

“ಚಳಿಗಾಲ ಬಿಡ್ತೀನಿ ಸಾರ್. ಕ್ಯಾಟಲಾಗಲ್ಲೂ ಹಂಗೇ ಇದೆ.”

“ಚಳಿಗಾಲದಲ್ಲಿ ಬಿಚ್ಚಿದ ಚಪ್ಪರವನ್ನು ಈ ಕಚೇರಿ ಕಂಡಿಲ್ಲ. ಜನ ಚಪ್ಪರ ಬಿಚ್ಚೋದು ಮಳೆಗಾಲಕ್ಕೆ.”

“ಸಾರ್, ಅಮ್ಮಂಗೆ ಕೋಣೆ ಬೇಕಾಗಿರದೇ ಮಳೆಗಾಲಕ್ಕೆ. ಬುಟ್ಟಿ ಬರೀಬೇಕು ಅವ್ರು.”

“ಅರ್ಜಿಯಲ್ಲಿ ಕಾರಣಕ್ಕೆ ಕಾಲಂ ಇಲ್ಲ ಮೇಷ್ಟ್ರೇ.”

ಕಟ್ಟಿದ ಮೇಲೆ ಯಾರು ನೋಡುತ್ತಾರೆ ಎಂದುಕೊಂಡು ದಿನೇಶ್ ಮಳೆಗಾಲಕ್ಕೆ ಬಿಚ್ಚುತ್ತೇನೆಂದು ಸಹಿ ಹಾಕಿದ. ಏಪ್ರಿಲ್ಲಿನಲ್ಲಿ ಕೋಣೆ ಎದ್ದಿತು. ಬೆಳಿಗ್ಗೆ ಎಂಟಕ್ಕೆಲ್ಲ ಒಳಗೆ ಕಾಲಿಡಲು ಆಗದಷ್ಟು ಕಾವು. ಕೇರಿಯವರು ತಮ್ಮ ತಮ್ಮ ಹಪ್ಪಳ, ಸಂಡಿಗೆ, ಕಾಳುಮೆಣಸು ತಂದು ಹರವಿ ಹೋದರು. ದುಗ್ಗಮ್ಮ ಬೇಸರ ಮಾಡಿಕೊಳ್ಳಲಿಲ್ಲ. ಬೆಲ್ಲದ ಡಬ್ಬಿಯ ಹಿಂದಿನಿಂದ ಕುಂಚ ತೆಗೆದು, “ಮಳೆ ಬರ್ಲಿ ತಡಿ,” ಎಂದರು.

ಮಳೆಗಿಂತ ಒಂದು ವಾರ ಮುಂಚೆ ನಾವು ಕೋಣೆ ಬಿಚ್ಚಿಸಲು ಹೋದೆವು. ಬಿಚ್ಚಿ ಎಂದರೆ, ಅಂಟು ಹಾಕಿ ಕೂರಿಸಿದ ಗಾಜು, ಬಿಚ್ಚಿದರೆ ಪುಡಿಯಾಗುತ್ತದೆ ಎಂದ ಅಶ್ವಿನ್. ಕಚೇರಿ ಇಕ್ಕಟ್ಟಿಗೆ ಸಿಕ್ಕಿತು. ಆಗ ಮುಕುಂದಯ್ಯನವರಿಗೆ ಹೊಳೆಯಿತು. ನಮ್ಮ ಕಡೆ ಮಳೆ ಹಿಡಿಯುವ ಮುಂಚೆ ಇರಚಲು ಹೊಡೆಯದಂತೆ ಜಗಲಿಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುವುದು ಅಜ್ಜನ ಕಾಲದ ರೂಢಿ. ಅದೇ ತಟ್ಟಿಯನ್ನು ಗಾಜಿನ ಕೋಣೆಗೂ ಸುತ್ತ ಕಟ್ಟಿ, ಮೇಲೂ ಹಾಸಿಬಿಟ್ಟರೆ ಕೋಣೆ ಕಾಣುವುದಿಲ್ಲ. ಕಾಣದ್ದು ಇಲ್ಲ. ಮರುದಿನವೇ ಪ್ರಕಟಣೆ ಅಂಟಿಸಿದೆವು:

‘ಸಾರ್ವಜನಿಕರಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಮಳೆಗಾಲದಲ್ಲಿ ಬಿಸಿಲು ಇಲ್ಲದಿರುವುದರಿಂದ ಬಿಸಿಲು ಕೋಣೆಯೂ ಇರತಕ್ಕದ್ದಲ್ಲ. ಬಿಚ್ಚಲಾಗದ ಕೋಣೆಯನ್ನು ಮೃಗಶಿರ ಮಳೆಯಿಂದ ದೀಪಾವಳಿಯವರೆಗೆ ಅನುಮೋದಿತ ಸೋಗೆ ತಟ್ಟಿಯಿಂದ ಮುಚ್ಚಿ, ಇಲ್ಲವೆಂದು ಭಾವಿಸತಕ್ಕದ್ದು. ಇಲ್ಲವೆಂದು ಭಾವಿಸಲಾದ ಕೋಣೆಯಲ್ಲಿ ಕಂಡುಬರುವ ವ್ಯಕ್ತಿಗಳನ್ನೂ ಹಾಗೆಯೇ ಭಾವಿಸಲಾಗುವುದು.’

ಅನುಮೋದಿತ ತಟ್ಟಿ ಮುಕುಂದಯ್ಯನವರ ಭಾವಮೈದುನನ ಅಂಗಳದಲ್ಲಿ ಮಾತ್ರ ಸಿಗುತ್ತದೆ. ಬೇರೆಯವರು ಹೆಣೆಯುವ ತಟ್ಟಿಯೂ ಅದೇ ಅಡಿಕೆ ಸೋಗೆಯದೇ, ಆದರೆ ಅದರ ಮೇಲೆ ಮೊಹರು ಇರುವುದಿಲ್ಲ.

ಶ್ರಾವಣದ ಎರಡನೇ ವಾರ ಸುಬ್ಬರಾಯರೂ ನಾನೂ ಛತ್ರಿ ಹಿಡಿದು, ಕೋಣೆ ಇಲ್ಲದಿರುವುದನ್ನು ಪರಿಶೀಲಿಸಲು ಹೋದೆವು. ಮನೆಯೊಳಗಿಂದ ಆ ಕೋಣೆಗೆ ಕಾಲಿಟ್ಟರೆ ಗವಿಯಂಥ ಕತ್ತಲು. ಒಂದು ಮೂಲೆಯಲ್ಲಿ ತಟ್ಟಿಯ ಸೋಗೆ ಜರುಗಿ ಒಂದು ಬೆರಳಗಲದ ಸಂದು ಬಿದ್ದಿತ್ತು. ಅದರಿಂದ ಬಂದ ಬೆಳಕು ನೆಲಕ್ಕೆ ಬೀಳುವ ಕಡೆ ದುಗ್ಗಮ್ಮ ಕೂತಿದ್ದರು. ಮಡಿಲಲ್ಲಿ ಬುಟ್ಟಿ. ಬೆಳಕು ಬಿದ್ದಷ್ಟಕ್ಕೆ ಗೆರೆ ಎಳೆದು, ಬುಟ್ಟಿಯನ್ನು ಒಂದಿಷ್ಟು ತಿರುಗಿಸಿ, ಮತ್ತೆ ಅಷ್ಟಕ್ಕೇ ಎಳೆಯುತ್ತಿದ್ದರು. ನನಗೆ ನಾಚಿಕೆಯಾಯಿತು. ಹೇಳಿಕೊಳ್ಳುವುದರಲ್ಲಿ ಏನಿದೆ, ತುಂಬಾ ನಾಚಿಕೆಯಾಯಿತು. ಪರಿಶೀಲನಾ ನಮೂನೆಯಲ್ಲಿ ಅದನ್ನು ಬರೆಯುವ ಜಾಗ ಸಿಗಲಿಲ್ಲ.

“ಅಜ್ಜಿ, ನೀವಿಲ್ಲಿ ಇರೋ ಹಾಗಿಲ್ಲ,” ಎಂದರು ಸುಬ್ಬರಾಯರು.

“ಇಲ್ಲ ಅಂತ್ಲೇ ಬರ್ಕಳಿ ತಮ್ಮಾ. ನಾನೆಂತ ಬ್ಯಾಡ ಅಂದ್ನಾ?” ದುಗ್ಗಮ್ಮ ತಲೆ ಎತ್ತಲಿಲ್ಲ.

ಸುಬ್ಬರಾಯರು ಜೇಬಿನಿಂದ ಅಳತೆಪಟ್ಟಿ ತೆಗೆದು ಸಂದನ್ನು ಅಳೆದರು. “ತಟ್ಟಿಗೆ ಅನುಮತಿ ಇದೆ. ಬೆಳಕಿಗೆ ಇಲ್ಲ. ಇದು ಅನಧಿಕೃತ.”

ದಿನೇಶನಿಗೆ ತಾಳ್ಮೆ ತಪ್ಪಿತು. “ಸಾರ್, ಕಾಲ ಮೂರು ಅಂತ ಕೈ ಎತ್ತಿದವರು ನೀವೇ ಅಲ್ದಾ? ಇನ್ನೊಂದು ಸಲ ಎತ್ತಿ! ಈ ಊರಲ್ಲಿ ಮಳೆಗಾಲನೇ ಇಲ್ಲ ಅಂತ ಠರಾವು ಮಾಡಿಬಿಡಿ!”

ಸುಬ್ಬರಾಯರು ಸಿಟ್ಟಾಗಲಿಲ್ಲ. ಅವರು ಇದನ್ನು ಗಂಭೀರವಾಗಿಯೇ ಯೋಚಿಸಿದರು. ಅವರ ಛತ್ರಿಯಿಂದ ನೀರು ತೊಟ್ಟಿಕ್ಕುತ್ತಿತ್ತು. “ಮಾಡಬಹುದು,” ಎಂದರು. “ಆದರೆ ಆಗ ಎರಡೇ ಕಾಲ ಉಳಿಯುತ್ತೆ. ಎರಡರಲ್ಲೂ ನೀವು ಕೋಣೆ ಬಳಸ್ತೀರಿ. ವರ್ಷಪೂರ್ತಿ ಬಳಕೆ, ಶಾಶ್ವತ ಕಟ್ಟಡ. ಒಡೀಬೇಕಾಗುತ್ತೆ.”

“ಒಡೆಯದೆಲ್ಲ ಬ್ಯಾಡ ಮಾರಾಯ,” ಎಂದರು ದುಗ್ಗಮ್ಮ. “ಈ ಕಿಂಡಿ ಒಂದು ಬಿಡಿ. ಸಾಕು ನಂಗೆ.”

ಮುದುಕಿಯ ಕೋರಿಕೆಯನ್ನು ಸಭೆ ಸಹಾನುಭೂತಿಯಿಂದ ಪರಿಗಣಿಸಿತು. ಒಂದು ಬೆರಳಗಲದ ಬೆಳಕನ್ನು ಸಕ್ರಮಗೊಳಿಸಲಾಯಿತು. ಯಾರ ಬೆರಳು ಎಂಬ ಬಗ್ಗೆ ಮುಕ್ಕಾಲು ಗಂಟೆ ಚರ್ಚೆಯಾಗಿ, ಕೊನೆಗೆ ಮುಕುಂದಯ್ಯನವರ ಕಿರುಬೆರಳನ್ನು ಪ್ರಮಾಣವೆಂದು ಅಂಗೀಕರಿಸಲಾಯಿತು. ಅವರ ಭಾವಮೈದುನ ಅದೇ ಅಳತೆಗೆ ಕಿಂಡಿ ಬಿಟ್ಟ ಹೊಸ ತಟ್ಟಿ ಹೆಣೆದು ಕೊಟ್ಟ. ಕಿಂಡಿ ಇಲ್ಲದ ತಟ್ಟಿಗಿಂತ ಕಿಂಡಿ ಇರುವುದಕ್ಕೆ ಬೆಲೆ ಹೆಚ್ಚು. ಮೊದಲಿನ ಸಂದಿಗಿಂತ ಇದು ಅಗಲದಲ್ಲಿ ಅರ್ಧ.

ಭೂಮಿ ಹುಣ್ಣಿಮೆಯ ಬೆಳಿಗ್ಗೆ ಹನ್ನೊಂದು ಮನೆಯವರು ಬುಟ್ಟಿ ಹೊತ್ತು ಗದ್ದೆಗೆ ಹೋದರು. ಪ್ರತಿ ಬುಟ್ಟಿಯ ಸುತ್ತಲೂ ಕಿರುಬೆರಳಿನಷ್ಟು ಅಗಲದ ಒಂದು ಪಟ್ಟಿ. ಅದರೊಳಗೆ ಗೆರೆಗಳು ಎಷ್ಟು ನೆಟ್ಟಗಿದ್ದವೆಂದರೆ ದುಗ್ಗಮ್ಮನ ವಯಸ್ಸು ಯಾರೂ ಹೇಳುವಂತಿರಲಿಲ್ಲ. ಉಳಿದದ್ದೆಲ್ಲ ಬರೀ ಕೆಮ್ಮಣ್ಣು. ಹೆಂಗಸರು ಬುಟ್ಟಿಯನ್ನು ಎತ್ತಿ ಬುಡವನ್ನೂ ನೋಡಿದರು. ಯಾರೂ ದುಗ್ಗಮ್ಮನ ಮುಖ ನೋಡಲಿಲ್ಲ.

ರಾಜ್ಯೋತ್ಸವದ ದಿನ ಅಧ್ಯಕ್ಷೆಯವರು ಇದನ್ನು ‘ಮುಸುಕೊಪ್ಪ ಶೈಲಿ’ ಎಂದು ಘೋಷಿಸಿ ದುಗ್ಗಮ್ಮನಿಗೆ ಶಾಲು ಹೊದಿಸಿದರು. ಈ ವರ್ಷ ಊರಲ್ಲಿ ಇನ್ನೂ ಒಂಬತ್ತು ಬಿಸಿಲು ಕೋಣೆಗಳು ಎದ್ದಿವೆ. ಒಂಬತ್ತಕ್ಕೂ ಮೃಗಶಿರದಲ್ಲೇ ತಟ್ಟಿ ಬಿದ್ದಿದೆ. ಹೇಳಿಸಿಕೊಳ್ಳದೆಯೇ ಜನ ಕಟ್ಟಿಸಿಕೊಂಡಿದ್ದಾರೆ, ಗಾಜಿಗೆ ಇರಚಲು ಹೊಡೆದರೆ ಹಾಳಾಗುತ್ತದೆ ಎಂದು ಈಗ ಅವರೇ ಹೇಳುತ್ತಾರೆ. ಪಂಚಾಯಿತಿ ನಡೆಸುವ ಚಿತ್ತಾರದ ತರಗತಿಯಲ್ಲಿ ಹದಿನಾಲ್ಕು ಹುಡುಗಿಯರು ಕಿಂಡಿಯ ಮುಂದೆ ಸರದಿಯಲ್ಲಿ ಕೂತು ಕಲಿಯುತ್ತಿದ್ದಾರೆ.

ಅವರಲ್ಲಿ ಕುಮುದಾ ಎಂಬವಳು ಕಳೆದ ವಾರ ಬುಡದಿಂದ ಬಾಯಿಯವರೆಗೆ ಇಡೀ ಬುಟ್ಟಿಗೆ ಚಿತ್ತಾರ ಬರೆದು ತಂದಳು. ಮನೆಯ ಅಟ್ಟದಲ್ಲಿ ಸಿಕ್ಕ ಹಳೆಯ ಬುಟ್ಟಿ ನೋಡಿ ಕಲಿತೆ ಎಂದಳು. ಆ ಹಳೆಯ ಬುಟ್ಟಿಗೆ ಇಪ್ಪತ್ತು ವರ್ಷದ ಹಿಂದೆ ಬರೆದುಕೊಟ್ಟವರು ದುಗ್ಗಮ್ಮನೇ. ಅಷ್ಟು ಬೆಳಕು ಎಲ್ಲಿಂದ ಬಂತು ಎಂದು ಹುಡುಗಿಗೆ ವಿವರಣೆ ಕೇಳಿ ನೋಟಿಸು ಕೊಡಲಾಗಿದೆ. ಬರೆದವನು ನಾನೇ.

ಅಭಿಪ್ರಾಯಕ್ಕಾಗಿ ಕುಮುದಾ ಬರೆದ ಬುಟ್ಟಿಯನ್ನು, ಅವಳನ್ನೂ ಕರೆದುಕೊಂಡು, ದುಗ್ಗಮ್ಮನ ಬಳಿಗೂ ಒಯ್ದಿದ್ದೆವು. ಅವರು ಅದನ್ನು ಮಡಿಲಲ್ಲಿಟ್ಟುಕೊಂಡು, ಕಿಂಡಿಯ ಬೆಳಕಿಗೆ ಹಿಡಿದು, ನಿಧಾನವಾಗಿ ಒಂದು ಸುತ್ತು ತಿರುಗಿಸಿದರು. ಬೆರಳು ಆಡಿಸಿ ನೋಡಿದರು.

“ಚೆಂದ ಐತೆ,” ಎಂದರು. “ಆದ್ರೆ ಇದು ನಮ್ಮ ಪದ್ಧತಿ ಅಲ್ಲ ಕಣೇ ಕೂಸೆ.”

ಈ ಅಭಿಪ್ರಾಯವನ್ನು ಕಡತಕ್ಕೆ ಸೇರಿಸಲಾಗಿದೆ.